ಹೊಂಗೆ ಮರದ ಪಂಚಾಯ್ತಿ

ಕಮಲಾಕ್ಷಮ್ಮನ ಮನೆಗೆ ಇಂಟರ್ನೆಟ್ ತರುವ ಫೈಬರ್ ಕೇಬಲ್ಲೂ ಹಳೇ ಟೆಲಿಫೋನಿನ ತಾಮ್ರದ ತಂತಿಯೂ ಒಂದೇ ಹೊಂಗೆ ಮರವನ್ನು ಹಾದುಹೋಗಿದ್ದವು. ಕೆಲಸ ಕಳೆದುಕೊಂಡ ತಂತಿಗೆ ಹೊಟ್ಟೆಯುರಿ. ನಮ್ಮಲ್ಲಿ ಯಾರು ಮೇಲು, ನ್ಯಾಯ ಹೇಳು ಎಂದು ಅದು ಅಳಿಲನ್ನು ಕರೆಯಿತು.

"ಮಳೆ ಬಂದರೆ ಗೊರಗೊರ ಎನ್ನುತ್ತಿದ್ದವ ನೀನು. ಒಂದು ಫೋಟೊ ತರಲು ನಿನಗೆ ಮಧ್ಯಾಹ್ನವೆಲ್ಲ ಬೇಕಿತ್ತು," ಎಂದಿತು ಫೈಬರ್.

"ನಾನು ಬಗ್ಗಿದರೂ ಮುರಿಯುವವನಲ್ಲ," ಎಂದಿತು ತಂತಿ. "ಇವನ ಹೊಟ್ಟೆಯಲ್ಲಿರುವುದು ಕೂದಲಿನಂಥ ಗಾಜು! ಅಳಿಲಪ್ಪಾ, ಆ ತಿರುವಿನಲ್ಲಿ ಒಮ್ಮೆ ಕಚ್ಚಿ ನೋಡು."

ಹಲ್ಲು ಮಸೆಯಲು ಜಾಗ ಹುಡುಕುತ್ತಿದ್ದ ಅಳಿಲು ಕಚ್ಚಿತು. ಗಾಜಿನ ಎಳೆ ತುಂಡಾಗಿ ಮನೆಯ ಇಂಟರ್ನೆಟ್ ನಿಂತಿತು. ಇನ್ನು ಮನೆಯವರು ತನ್ನ ಕಾಲಿಗೇ ಬೀಳಬೇಕೆಂದು ತಂತಿ ಬೀಗಿತು.

ಸಂಜೆ ಲೈನ್‌ಮನ್ ನಜೀರ್ ಹೊಸ ಫೈಬರ್ ಹಿಡಿದು ಮರ ಹತ್ತಿದ. "ಅಕ್ಕಾ, ಇದನ್ನ ಕೊಂಬೆಗೆ ಕಟ್ಟೋಕೆ ಏನಾದ್ರೂ ಇದ್ರೆ ಕೊಡಿ."

"ಅಲ್ಲೇ ಹಳೇ ಫೋನ್ ವೈರು ನೇತಾಡ್ತಿದೆಯಲ್ಲಪ್ಪ, ಕತ್ತರಿಸ್ಕೋ," ಎಂದರು ಕಮಲಾಕ್ಷಮ್ಮ.

ನಜೀರ್ ತಂತಿಯನ್ನು ಕತ್ತರಿಸಿ, ಹೊಸ ಫೈಬರಿನ ಮೈತುಂಬ ಸುತ್ತಿ ಕೊಂಬೆಗೆ ಬಿಗಿದ.

ಮರುದಿನ ಅಳಿಲು ಬಂದು ಕೇಳಿತು: "ಅಜ್ಜಾ, ಹೊಸಬನನ್ನೂ ಪರೀಕ್ಷೆ ಮಾಡಲೇ? ಆದರೆ ಅವನಿಗೆ ಹಲ್ಲು ತಾಗಬೇಕಾದರೆ ಮೊದಲು ನಿನ್ನನ್ನು ಕಚ್ಚಬೇಕು."

"ಬೇಡಪ್ಪಾ," ಎಂದಿತು ತಂತಿ. "ಇವನಂಥ ಗಟ್ಟಿಗ ಈ ಬೀದಿಯಲ್ಲೇ ಇಲ್ಲ."