ಎರಡು ರೋಗಗಳ ನಡುವೆ ಕಂಡದ್ದು

"ಗುರುಗಳೇ, ನನ್ನ ಅಕ್ಕನಿಗೆ ಎರಡು ಅಪರೂಪದ ಕ್ಯಾನ್ಸರ್ ಒಟ್ಟಿಗೆ ಬಂದಿವೆಯಂತೆ. ಇಷ್ಟು ಜನರಿರುವ ಲೋಕದಲ್ಲಿ ಅವು ಅವಳೊಬ್ಬಳಲ್ಲೇ ಬಂದು ಸೇರಿದ್ದೇಕೆ?" ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ರೋಗಿಗಳ ಮೈಯಿಂದ ತೆಗೆದ ಮಾಂಸದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಹೆಸರು ಹೇಳುವುದು ಅವನ ಕೆಲಸ. ಅದರಲ್ಲೇ ಅವನ ತಲೆ ನರೆತಿತ್ತು. ಒಮ್ಮೆ ಒಬ್ಬ ಸೂಲಗಿತ್ತಿಯ ಮೂತ್ರಪಿಂಡದ ಚೂರು ಅವನ ಮುಂದೆ ಬಂತು. ನೋಡಿದರೆ ಅದರಲ್ಲಿ ಎರಡು ಕ್ಯಾನ್ಸರ್. ಒಂದಕ್ಕೊಂದು ಸಂಬಂಧವಿಲ್ಲದವು, ಅಕ್ಕಪಕ್ಕದಲ್ಲೇ ಬೆಳೆದಿದ್ದವು. ಎರಡನ್ನೂ ಅವನು ಪುಸ್ತಕದಲ್ಲಷ್ಟೇ ಕಂಡಿದ್ದ. ಅವನ ಮೈ ನವಿರೆದ್ದಿತು. ಇನ್ನೊಬ್ಬರ ಕೇಡಿಗೆ ಹಾಗೆ ನವಿರೆದ್ದದ್ದಕ್ಕೆ ನಾಚಿಕೆಯೂ ಆಯಿತು.

ಅವನೇ ಹೋಗಿ ಅವಳಿಗೆ ವಿಷಯ ತಿಳಿಸಿದ. ಅವಳು ಅಳಲಿಲ್ಲ. ಎರಡೂ ತನಗೇ ಏಕೆ ಬಂದವು ಎಂದಷ್ಟೇ ಕೇಳಿದಳು.

ಕಾರಣ ಸಿಕ್ಕೀತೇನೋ ಎಂದು ಅವನು ಮತ್ತೆ ಆ ಚೂರಿನ ಮುಂದೆ ಕೂತ. ಅಂಚಿನಿಂದ ಅಂಚಿಗೆ ಹುಡುಕಿದ. ಕಾರಣ ಕಾಣಲಿಲ್ಲ. ಆದರೆ ಎರಡು ರೋಗಗಳ ನಡುವೆ ಒಂದು ಸಣ್ಣ ಪಟ್ಟಿ ಕಂಡಿತು. ಅಲ್ಲಿ ಆರೋಗ್ಯವಾದ ಜೀವಕೋಶಗಳು ಒಂದರ ಪಕ್ಕ ಒಂದು, ಸಾಲು ಕೆಡದೆ ನಿಂತಿದ್ದವು. ಇಂಥವು ಅವನ ಕಣ್ಣೆದುರು ದಿನವೂ ಹಾದುಹೋಗಿದ್ದವು. ರೋಗ ಹುಡುಕುವ ಆತುರದಲ್ಲಿ ಅವನು ಒಮ್ಮೆಯೂ ಅವುಗಳ ಮೇಲೆ ಕಣ್ಣು ನಿಲ್ಲಿಸಿರಲಿಲ್ಲ. ಈಗ ಕಣ್ಣು ತೆಗೆಯಲಾಗಲಿಲ್ಲ.

ಮರುದಿನ ಸೂಲಗಿತ್ತಿಯನ್ನು ಕರೆಸಿ ಅದನ್ನು ತೋರಿಸಿದ. ಅವಳು ಬಗ್ಗಿ ನೋಡಿದಳು.

"ಇದು ಎರಡರಲ್ಲಿ ಯಾವ ರೋಗ?"

"ಇದು ರೋಗವಲ್ಲಮ್ಮ. ಇದು ನೀವು."

ಎಷ್ಟೋ ಕೂಸುಗಳನ್ನು ಎತ್ತಿ ಬೆಳಕಿಗೆ ಹಿಡಿದಿದ್ದ ಅವಳು ತನ್ನನ್ನು ತಾನು ಬಹಳ ಹೊತ್ತು ನೋಡಿದಳು. ಆಮೇಲೆ ಶಸ್ತ್ರಚಿಕಿತ್ಸೆಗೆ ಒಪ್ಪಿದಳು. ಒಂದು ರೋಗ ವಾಸಿಯಾಯಿತು. ಇನ್ನೊಂದು ಕೆಲವು ವರ್ಷಗಳ ನಂತರ ಮರಳಿ ಬಂದು ಅವಳ ಜೀವ ತೆಗೆಯಿತು. ನಡುವಿನ ವರ್ಷಗಳಲ್ಲಿ ಅವಳು ಮತ್ತೆ ಹೆರಿಗೆ ಮಾಡಿಸಲು ಹೋಗುತ್ತಿದ್ದಳು. ವೈದ್ಯನಂತೂ ಅಂದಿನಿಂದ ಯಾವ ಚೂರು ಬಂದರೂ ಮೊದಲು ಕೆಡದೆ ಉಳಿದ ಭಾಗವನ್ನು ನೋಡುತ್ತಿದ್ದ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಏಕೆ ಬಂತು ಎಂಬುದು ಕೊನೆಗೂ ತಿಳಿಯಲಿಲ್ಲವಲ್ಲ ಎಂದ.

ಗುರು ಹೇಳಿದರು: "ದಾರಿ ತಪ್ಪಿದ ಎರಡಕ್ಕೆ ಕಾರಣ ಕೇಳುತ್ತಿರುವೆ, ಇಷ್ಟು ವರ್ಷ ದಾರಿ ತಪ್ಪದೆ ನಿನ್ನ ಅಕ್ಕನನ್ನು ಹೊತ್ತು ತಂದ ಕೋಟಿ ಕೋಟಿ ಜೀವಕೋಶಗಳಿಗೆ ಕಾರಣ ಕೇಳಿದ್ದೆಯಾ?"