ಕೈ ಪಳಗಿದ ಕೊಟ್ಟಿಗೆ

“ಗುರುಗಳೇ, ತಮಗೆ ಏನು ಕೊಟ್ಟರೆ ನನ್ನ ವಿದ್ಯೆಯ ಋಣ ತೀರುತ್ತದೆ?”

ಕೇಳಿದವನು ಮೂಳೆ ಕಟ್ಟುವ ವಿದ್ಯೆ ಕಲಿತು ಊರಿಗೆ ಹೊರಟಿದ್ದ ಶಿಷ್ಯ. ಗುರುಗಳು ನಕ್ಕರು. “ನನಗೆ ಕೊಡುವುದು ಬಲು ಸುಲಭ. ಕೂತುಕೋ,” ಎಂದು ಈ ಕತೆ ಹೇಳಿದರು.

ಒಬ್ಬ ಪಶುವೈದ್ಯನಿದ್ದ. ಕೈಗುಣದವನೆಂದು ಹೆಸರು ಮಾಡಿದ್ದ. ಹಸುವಿನ ಒಳಗೆ ಕೈ ಹಾಕಿದರೆ ಸಾಕು, ಗಬ್ಬ ನಿಂತಿದೆಯೋ ಇಲ್ಲವೋ, ಕರು ಅಡ್ಡ ತಿರುಗಿದೆಯೋ ಎಂಬುದು ಅವನ ಬೆರಳಿಗೇ ತಿಳಿದುಬಿಡುತ್ತಿತ್ತು. ಅವನಿಂದ ಬದುಕಿದ ರಾಸುಗಳಿಗೆ ಲೆಕ್ಕವಿಲ್ಲ. ವಯಸ್ಸಾಗಿ ಕೆಲಸ ಬಿಟ್ಟಾಗ, ತನ್ನನ್ನು ವೈದ್ಯನನ್ನಾಗಿ ಮಾಡಿದ ವಿಶ್ವವಿದ್ಯಾಲಯಕ್ಕೆ ಏನೂ ಕೊಡದೆ ಕಣ್ಣು ಮುಚ್ಚಿದರೆ ನೆಮ್ಮದಿಯಿಲ್ಲ ಎನಿಸಿತು.

ಕುಲಪತಿಗಳು ಆದರದಿಂದ ಬರಮಾಡಿಕೊಂಡರು. ಅವನು ಸಭಾಂಗಣ ಕಟ್ಟಿಸಿಕೊಡುವುದು, ಅದಕ್ಕೆ ಅವನದೇ ಹೆಸರಿಡುವುದು ಎಂದು ಮಾತಾಯಿತು. ಹೆಸರು ಯಾರಿಗೆ ಬೇಡ? ಅವನಿಗೂ ಒಳಗೊಳಗೇ ಹಿಗ್ಗು. ಹೊರಡುವ ಮುನ್ನ, ತಾನು ಕಲಿತ ಕೊಟ್ಟಿಗೆಯನ್ನೊಮ್ಮೆ ನೋಡಿ ಬರುತ್ತೇನೆ ಎಂದು ಒಬ್ಬನೇ ಹೋದ.

ಅಲ್ಲಿ ಒಂದು ಮುದಿ ಹಸುವಿತ್ತು. ವಿದ್ಯಾರ್ಥಿಗಳು ಗಬ್ಬ ನೋಡುವುದನ್ನು ಕಲಿಯುತ್ತಿದ್ದುದು ಅದರ ಮೇಲೆ. ಪಾಠದ ದಿನ ಒಬ್ಬನಾದ ಮೇಲೆ ಒಬ್ಬ ಬಂದು, ಪಳಗದ ಕೈಯನ್ನು ಒಳಗೆ ಹಾಕಿ ತಡಕಾಡುತ್ತಿದ್ದರು. ಅಂದು ಪಾಠವಿರಲಿಲ್ಲ; ಆದರೂ ವೈದ್ಯನ ಬೂಟಿನ ಸದ್ದು ಕೇಳಿದ್ದೇ ತಡ, ಯಾರೂ ಮುಟ್ಟುವ ಮೊದಲೇ ಹಸು ಮೈ ಬಿಗಿಹಿಡಿದು ನಿಂತಿತು. ವೈದ್ಯನಿಗೆ ತನ್ನ ಕೈ ಇನ್ನೂ ಪಳಗದಿದ್ದ ಕಾಲದಲ್ಲಿ ಹೀಗೇ ನಿಂತು ಸಹಿಸಿಕೊಂಡಿದ್ದ ಇನ್ನೊಂದು ಹಸು ನೆನಪಾಯಿತು. ಓದು ಮುಗಿದ ದಿನ ಮೇಷ್ಟರುಗಳೆಲ್ಲರ ಕಾಲಿಗೆ ಬಿದ್ದು ಬಂದಿದ್ದ. ಆ ಹಸು ಏನಾಯಿತೆಂದು ಮಾತ್ರ ಇಷ್ಟು ವರ್ಷ ಕೇಳಿರಲಿಲ್ಲ.

“ಇದನ್ನು ಮುಂದೇನು ಮಾಡ್ತೀರಿ?” ಎಂದು ಅಲ್ಲಿದ್ದ ಆಳನ್ನು ಕೇಳಿದ.

“ವಯಸ್ಸಾಯ್ತಲ್ಲ ಸ್ವಾಮಿ, ಹರಾಜಿಗೆ ಬಿಡ್ತಾರೆ. ಬೇರೆ ತರ್ತಾರೆ,” ಎಂದ ಕೊಟ್ಟಿಗೆಯ ಆಳು.

ವೈದ್ಯ ಕುಲಪತಿಗಳ ಬಳಿಗೆ ವಾಪಸು ಹೋದ. “ಸಭಾಂಗಣ ಬೇಡ. ಪಾಠಕ್ಕೆ ಸವೆದ ಹಸುಗಳು ಇಲ್ಲೇ ಮೇದುಕೊಂಡು ಸಾಯಲಿ. ಅವಕ್ಕೊಂದು ಕೊಟ್ಟಿಗೆ ಕಟ್ಟಿಸುತ್ತೇನೆ, ಬದುಕಿರುವವರೆಗೆ ನಾನೇ ನೋಡಿಕೊಳ್ಳುತ್ತೇನೆ,” ಎಂದ. ಸಭಾಂಗಣವಾಗಿದ್ದರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತಿತ್ತು ಎಂದು ಕುಲಪತಿಗಳು ಪೇಚಾಡಿಕೊಂಡರು. ಅವನು ಜಗ್ಗಲಿಲ್ಲ. ಆ ಮುದಿ ಹಸುವಿನಿಂದಲೇ ಕೊಟ್ಟಿಗೆ ಶುರುವಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತೇವವಾಗಿತ್ತು. “ಎಂಥ ದೊಡ್ಡ ಮನಸ್ಸು, ಗುರುಗಳೇ!” ಎಂದ.

“ಅವನ ಮನಸ್ಸು ಹಾಗಿರಲಿ, ನೀನು ಕಲಿಯುವಾಗ ಮೊಟ್ಟಮೊದಲು ಕಟ್ಟಿದ ರೋಗಿಯ ಕೈ ನೆಟ್ಟಗೆ ಕೂಡಿತೋ ಇಲ್ಲವೋ, ಹೋಗಿ ನೋಡಿದ್ದೀಯಾ?”