ಸಂಕವ್ವ ನಿಂತ ಹೊಂಡ

ಕರಡಿಕೊಳ್ಳದ ಕೆಂಪು ಬಂಡೆಯ ಬುಡದಲ್ಲಿರುವ ಹೊಂಡಕ್ಕೆ ಹೋಗುವ ದಾರಿಯ ಫಲಕದಲ್ಲಿ ಇಂದು ಒಂದು ಸಿನಿಮಾದ ಹೆಸರಿದೆ. ಹೊರದೇಶಗಳಿಂದ ಬರುವವರು ಆ ಹೆಸರು ಹೇಳಿಯೇ ದಾರಿ ಕೇಳುತ್ತಾರೆ. ಅದು ಸಂಕವ್ವ ನಿಂತ ಹೊಂಡ ಎಂದು ಎಷ್ಟು ತಿದ್ದಿದರೂ ತಲೆಯಾಡಿಸಿ, ಮತ್ತೆ ಸಿನಿಮಾದ ಹೆಸರನ್ನೇ ಹೇಳುತ್ತಾರೆ. ಹೇಳಿ ಸಾಕಾಗಿ, ಸಂಕವ್ವನ ಹೆಸರು ಬಂದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಊರಿಗೆ ಇನ್ನೂ ಕರೆಂಟು ಬಾರದಿದ್ದ ಕಾಲದಲ್ಲಿ, ಪರದೇಶದ ತಂಡವೊಂದು ಈ ಬಂಡೆಯ ಮೇಲೆ ಚಿತ್ರೀಕರಣ ನಡೆಸಿತಂತೆ. ಸೈನಿಕರು ಅಟ್ಟಿಸಿಕೊಂಡು ಬಂದಾಗ ರಾಜಕುಮಾರಿ ಬಂಡೆಯಿಂದ ಧುಮುಕಿ, ನೀರಿನಾಳದಲ್ಲಿ ತನ್ನ ಪ್ರಿಯನನ್ನು ಸೇರುವ ಕಥೆ. ಅವಳು ಓಡಿ ಬಂದದ್ದು ಇಲ್ಲಿ, ಆಳದ ನೀರನ್ನು ತೋರಿಸಿದ್ದು ಎಲ್ಲಿಯದೋ ಸಮುದ್ರದಲ್ಲಿ. ಊರಿನ ಯಾರೂ ಆ ಸಿನಿಮಾ ನೋಡಿರಲಿಲ್ಲ. ನೋಡಿದವರು ಮಾತ್ರ ದೇಶ ದೇಶಗಳಿಂದ ಬಂದರು, ಟಿವಿಯಲ್ಲಿ ಬಂದ ಮೇಲೆ ಇನ್ನೂ ಹೆಚ್ಚು ಬಂದರು. ಒಬ್ಬ ತರುಣ ಸಿನಿಮಾದಲ್ಲಿ ಕಂಡಂತೆಯೇ ಧುಮುಕಿ ಎರಡೂ ಕಾಲು ಮುರಿದುಕೊಂಡ. ಹೊಂಡದ ಮಣ್ಣು ತೆಗೆದು ಮಡಕೆ ಮಾಡುತ್ತಿದ್ದ ಕುಂಬಾರರ ಸಂಕವ್ವನೇ ಅವನನ್ನು ದಂಡೆಗೆ ಎಳೆದು ತಂದಳು. ಆಮೇಲೆ ಊರಿನವರು ಬಂಡೆಯ ಅಂಚಿಗೆ ಮುಳ್ಳುಬೇಲಿ ಹಾಕಿದರು. ಫೋಟೋ ಚೆನ್ನಾಗಿ ಬರುವುದಿಲ್ಲವೆಂದು ಬಂದವರು ಅದನ್ನು ಕಿತ್ತೆಸೆದರು.

ಒಂದು ಮಧ್ಯಾಹ್ನ ದೂರದೇಶದ ಹುಡುಗಿಯೊಬ್ಬಳು ಚಪ್ಪಲಿ ಬಿಟ್ಟು ಅಂಚಿಗೆ ಬಂದಳು. ಕೆಂಪು ನೀರಿನಲ್ಲಿ ತಳ ಕಾಣುತ್ತಿರಲಿಲ್ಲ. ಇಲ್ಲಿ ಆಳವಿಲ್ಲವೆಂದು ಜೊತೆಗಿದ್ದ ಗೈಡ್ ಬೇಡಿಕೊಂಡರೂ, ಆ ಆಳವನ್ನು ತಾನೇ ಕಣ್ಣಾರೆ ನೋಡಿದ್ದೇನೆ ಎಂದಳಂತೆ. ಕೆಳಗೆ ಮಣ್ಣು ಅಗೆಯುತ್ತಿದ್ದ ಸಂಕವ್ವ ಕೂಗಿ ಕೈ ಬೀಸಿದಳು. ಹುಡುಗಿಯೂ ನಕ್ಕು ಕೈ ಬೀಸಿದಳು. ಆಗ ಸಂಕವ್ವ ಸನಿಕೆ ಬಿಸಾಡಿ, ಸೀರೆ ಎತ್ತಿ ಕಟ್ಟಿ, ನೇರ ಹೊಂಡದೊಳಕ್ಕೆ ನಡೆದು, ಹುಡುಗಿ ಬೀಳಲಿದ್ದ ಜಾಗದಲ್ಲಿಯೇ ನಿಂತುಬಿಟ್ಟಳು. ನೀರು ಅವಳ ಮೊಳಕಾಲಿಗಷ್ಟೇ ಬಂದಿತ್ತು.

“ಹಾರೂದಿದ್ರ ನನ್ನ ತಲೀ ಮ್ಯಾಲ ಹಾರವ್ವಾ,” ಎಂದಳು. “ಎಷ್ಟು ಮಂದೀನ ಎಳದು ಹಾಕ್ಲಿ ನಾ? ಸಾಕಾಗೇತಿ ನನಗ.”

ಮಾತು ತಿಳಿಯಲಿಲ್ಲ, ಮೊಳಕಾಲು ಕಂಡಿತು. ಹುಡುಗಿ ಅಲ್ಲಿಯೇ ಕುಸಿದು ಕುಳಿತು ಅತ್ತಳು. ಅಂದಿನಿಂದ ಯಾರು ಅಂಚಿಗೆ ಬಂದರೂ ಸಂಕವ್ವ ಬೈಯುತ್ತಾ ಇಳಿದು ನಿಲ್ಲಬೇಕಾಯಿತು. ಅತ್ತ ತಿಗರಿಯ ಮೇಲೆ ಅರ್ಧ ಎತ್ತಿದ ಮಡಕೆ ಒಣಗುತ್ತಿತ್ತು. ಮುಪ್ಪಿನಲ್ಲಿ ಕಾಲು ಬಾತುಕೊಂಡ ಮೇಲೂ ಅವಳು ನಿಲ್ಲುವುದನ್ನು ಬಿಡಲಿಲ್ಲ ಎನ್ನುತ್ತಾರೆ.

ಅವಳು ತೀರಿಕೊಂಡ ಮೇಲೆ ಊರಿನ ಹೆಂಗಸರು ಅದೇ ಜಾಗದಲ್ಲಿ ಆಳೆತ್ತರದ ಕಲ್ಲೊಂದನ್ನು ನೆಟ್ಟರು. ಎಂಥ ಮಳೆಗಾಲದಲ್ಲೂ ಹೊಂಡದ ನೀರು ಅದರ ಬುಡವನ್ನಷ್ಟೇ ಮುಟ್ಟುತ್ತದೆ. ಬಂದವರು ಅದನ್ನೂ ಚಿತ್ರೀಕರಣಕ್ಕೆ ನಿಲ್ಲಿಸಿದ್ದೆಂದೇ ತಿಳಿಯುತ್ತಾರೆ. ಅಲ್ಲವೆಂದು ಹೇಳಿ ಹೇಳಿ ನಾವು ಸೋತಿದ್ದೇವೆ. ಆದರೆ ಬಂಡೆಯ ಅಂಚಿಗೆ ಬಂದವರು ಕೆಳಗೆ ಆ ಕಲ್ಲನ್ನು ಕಂಡು, ನೀರು ಅದರ ಎಷ್ಟು ಎತ್ತರಕ್ಕಿದೆ ಎಂದು ನೋಡಿ, ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ.